ಕೊಲ್ಲದೆ ನೋಡುವ ವಿದ್ಯೆ

(ವಿಜ್ಞಾನಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆಲ್ಲ ಈರುಳ್ಳಿ ಸಿಪ್ಪೆಯ ಪ್ರಯೋಗ ನೆನಪಿರಬಹುದು. ಈರುಳ್ಳಿಯ ಒಳಪದರದಿಂದ ತೆಳ್ಳನೆಯ ಪೊರೆಯನ್ನು ಚಿಮಟದಲ್ಲಿ ಬಿಡಿಸಿ, ಗಾಜಿನ ಮೇಲಿಟ್ಟು, ಒಂದು ತೊಟ್ಟು ಸಾಫ್ರನಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇಟ್ಟಿಗೆ ಜೋಡಿಸಿದಂತೆ ಸಾಲುಸಾಲಾಗಿ ಕೋಶಗಳು, ಒಂದೊಂದರಲ್ಲೂ ಒಂದು ಕೆಂಪು ಚುಕ್ಕೆ. ಮೊದಲ ಸಲ ಅದನ್ನು ಕಂಡ ಹಿಗ್ಗಿನಲ್ಲಿ ನಾನು, "ಸರ್, ಇದು ಈಗ ಜೀವಂತವಾಗಿದೆಯೇ?" ಎಂದು ಕೇಳಿದ್ದೆ. ನಮ್ಮ ಮೇಷ್ಟ್ರು ನಕ್ಕು, "ಬಣ್ಣ ಹಾಕಿದ ಮೇಲೆ ಎಲ್ಲಿಯ ಜೀವವಯ್ಯ? ಸತ್ತಿರೋದಕ್ಕೇ ಅದು ಇಷ್ಟು ಚೆನ್ನಾಗಿ ಕಾಣ್ತಿರೋದು" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಜೀವವನ್ನು ಅರಿಯಬೇಕೆಂದು ಹೊರಟವರು ಮೊದಲು ಮಾಡಬೇಕಾದ ಕೆಲಸ ಅದನ್ನು ಕೊಲ್ಲುವುದು! ನಾನು ಮುಂದೆ ರಸಾಯನಶಾಸ್ತ್ರದ ಕಡೆ ಹೋದೆ, ಅದನ್ನೇ ಪಾಠ ಮಾಡುತ್ತ ನಿವೃತ್ತನಾದೆ. ಆದರೆ 2022ರ ಅಕ್ಟೋಬರಿನಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಸುದ್ದಿ ಓದಿದಾಗ ಮೊದಲು ನೆನಪಾದವರು ಆ ಮೇಷ್ಟ್ರು. ಜೀವಂತ ಕೋಶದೊಳಗೆ, ಅದಕ್ಕೆ ತಿಳಿಯದ ಹಾಗೆ, ನಮಗೆ ಬೇಕಾದ ಒಂದೇ ಒಂದು ಅಣುವಿಗೆ ಗುರುತು ಕಟ್ಟುವ ವಿದ್ಯೆಗೆ ಆ ವರ್ಷದ ಪ್ರಶಸ್ತಿಯ ಒಂದು ಪಾಲು ಸಂದಿತ್ತು. ಇಂದು ಅದರ ಕತೆಯನ್ನೇ ನಿಮ್ಮ ಮುಂದಿಡುತ್ತೇನೆ.

ಕತೆ ಹಳೆಯದು. 19ನೆಯ ಶತಮಾನದ ಜರ್ಮನಿಯಲ್ಲಿ ಬಟ್ಟೆಗೆ ಹಾಕುವ ಕೃತಕ ಬಣ್ಣಗಳ ಉದ್ಯಮ ಬೆಳೆದಾಗ, ಅದೇ ಬಣ್ಣಗಳನ್ನು ವೈದ್ಯರು ಸೂಕ್ಷ್ಮದರ್ಶಕದ ಕೆಳಗೆ ತಂದರು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಲು ಸಾಧ್ಯವಾದದ್ದು ಬಣ್ಣದ ನೆರವಿನಿಂದಲೇ. ಪಾಲ್ ಏರ್ಲಿಶ್ ಒಂದು ಹೆಜ್ಜೆ ಮುಂದೆ ಹೋದರು. ಮಿಥಿಲೀನ್ ನೀಲಿಯನ್ನು ಬದುಕಿರುವ ಪ್ರಾಣಿಯ ಮೈಗೆ ಸೇರಿಸಿದಾಗ ಅದು ಉಳಿದುದನ್ನು ಬಿಟ್ಟು ನರಗಳಿಗೆ ಹೋಗಿ ಅಂಟುವುದನ್ನು ಅವರು ಕಂಡರು. ಒಂದು ಬಣ್ಣಕ್ಕೆ ಒಂದು ಅಂಗಾಂಶದ ಮೇಲೆ ಒಲವಿರಬಹುದಾದರೆ ಒಂದು ಔಷಧಕ್ಕೂ ಒಂದು ರೋಗಾಣುವಿನ ಮೇಲೆ ಮಾತ್ರ ಹಗೆ ಇರಬಹುದಲ್ಲವೆ ಎಂಬ ಅವರ ಆಲೋಚನೆಯಿಂದಲೇ ಆಧುನಿಕ ಔಷಧಶಾಸ್ತ್ರ ಹೊರಟಿತೆನ್ನಬಹುದು. ಗುರುತು ಹಚ್ಚುವುದೂ ಗುಣಪಡಿಸುವುದೂ ಅಂದಿನಿಂದ ಒಂದೇ ಬಳ್ಳಿಯ ಹೂಗಳು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತೇನೆ.

ಎರಡನೆಯ ದಾರಿಯನ್ನು ತೆರೆದವರು ಹಂಗರಿಯ ಜಾರ್ಜ್ ಹೆವೆಶಿ. ಮ್ಯಾಂಚೆಸ್ಟರಿನಲ್ಲಿ ಊಟವಿದ್ದ ಮನೆಯ ಒಡತಿ ಹಳೆಯ ಮಾಂಸವನ್ನೇ ಮತ್ತೆ ಬಡಿಸುತ್ತಾಳೆಂದು ಅವರಿಗೆ ಗುಮಾನಿ. ತಟ್ಟೆಯಲ್ಲಿ ಮಿಕ್ಕ ಊಟಕ್ಕೆ ಚೂರು ವಿಕಿರಣ ವಸ್ತು ಬೆರೆಸಿ, ಕೆಲವು ದಿನಗಳ ಬಳಿಕ ಬಡಿಸಿದ್ದರಲ್ಲಿ ಅದನ್ನು ಉಪಕರಣದಿಂದ ಪತ್ತೆಹಚ್ಚಿ ತೋರಿಸಿದರಂತೆ. ಈ ಪ್ರಸಂಗ ಹಾಗಿರಲಿ, 1923ರಲ್ಲಿ ಅವರು ಗಿಡದ ಬೇರು ಹೀರಿದ ಸೀಸ ಎಲ್ಲೆಲ್ಲಿಗೆ ಹೋಯಿತೆಂಬುದನ್ನು ವಿಕಿರಣದ ಗುರುತಿನಿಂದ ಹಿಂಬಾಲಿಸಿದರು. ಅಲ್ಲಿಂದ ಜೀವರಸಾಯನಶಾಸ್ತ್ರಕ್ಕೆ ದೊಡ್ಡ ಆಯುಧ ಸಿಕ್ಕಿತು. ಆದರೆ ವಿಕಿರಣದ ಗುರುತು ಕಣ್ಣಿಗೆ ಬಣ್ಣವಾಗಿ ಕಾಣುವುದಿಲ್ಲ. ಅದರ ಜೊತೆಯ ಅಪಾಯವೂ ತಪ್ಪಿದ್ದಲ್ಲ.

ಮೂರನೆಯದು ನಿಮಗೆ ಗೊತ್ತಿರಬಹುದು. ಒಂದು ಜಾತಿಯ ಲೋಳೆಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಜಪಾನಿನ ಒಸಾಮು ಶಿಮೊಮುರಾ 1962ರಲ್ಲಿ ಬೇರ್ಪಡಿಸಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದರ ಜೀನನ್ನು ಬೇರೆ ಜೀವಿಗಳಿಗೆ ಸೇರಿಸಿ, ಅವೂ ಹಸಿರಾಗಿ ಹೊಳೆಯುವಂತೆ ಮಾಡಿದರು. ಈಗ ಜೀವಂತ ಕೋಶದಲ್ಲೇ ಪ್ರೋಟೀನುಗಳ ಓಡಾಟ ನೋಡಲು ಸಾಧ್ಯವಾಯಿತು. 2008ರ ನೊಬೆಲ್ ಇದಕ್ಕೇ ಸಂದಿತು.

ಹಾಗಾದರೆ ಇನ್ನೇನು ಉಳಿಯಿತು ಎನ್ನುವಿರಾ? ಉಳಿದದ್ದು ಸಕ್ಕರೆ.

ಸಕ್ಕರೆ ಎಂದೊಡನೆ ಕಾಫಿಯ ಲೋಟ ನೆನಪಾಗುವುದು ಸಹಜ. ಆದರೆ ನಮ್ಮ ಪ್ರತಿಯೊಂದು ಜೀವಕೋಶದ ಮೈಮೇಲೂ ಹಲವು ಬಗೆಯ ಸಕ್ಕರೆಗಳನ್ನು ಪೋಣಿಸಿದ ಸರಗಳು ದಟ್ಟವಾಗಿ ಬೆಳೆದಿರುತ್ತವೆ, ಪಾಚಿ ಹಿಡಿದ ಕಲ್ಲಿನ ಹಾಗೆ. ಇವುಗಳಿಗೆ ಗ್ಲೈಕಾನ್ ಎಂದು ಹೆಸರು. ನಿಮ್ಮ ರಕ್ತ ಎ ಗುಂಪೋ ಬಿ ಗುಂಪೋ ಎಂಬುದನ್ನು ನಿರ್ಧರಿಸುವುದು ಕೆಂಪು ರಕ್ತಕಣದ ಮೇಲಿನ ಇಂಥ ಸರದ ತುದಿಯಲ್ಲಿರುವ ಒಂದೇ ಒಂದು ಸಕ್ಕರೆ. ಓ ಗುಂಪಿನವರಲ್ಲಿ ಆ ಕೊನೆಯ ಮಣಿಯೇ ಇಲ್ಲ. ಫ್ಲೂ ವೈರಸ್ಸು ಕೋಶದ ಬಾಗಿಲು ತಟ್ಟುವುದು ಸಿಯಾಲಿಕ್ ಆಮ್ಲವೆಂಬ ತುದಿಸಕ್ಕರೆಯನ್ನು ಹಿಡಿದು. ಅನೇಕ ಕ್ಯಾನ್ಸರ್ ಕೋಶಗಳು ಇದೇ ಸಿಯಾಲಿಕ್ ಆಮ್ಲವನ್ನು ಮೈತುಂಬ ಹೊದ್ದು ರಕ್ಷಣಾ ಕೋಶಗಳನ್ನು ಏಮಾರಿಸುತ್ತವೆ. ಇಷ್ಟು ಮುಖ್ಯವಾದ ಸಕ್ಕರೆಗಳನ್ನು ನೋಡಲು ಹಸಿರು ಪ್ರೋಟೀನಿನ ಉಪಾಯ ನಡೆಯುವುದಿಲ್ಲ. ಪ್ರೋಟೀನಿಗೆ ನೇರವಾದ ಜೀನ್ ಉಂಟು. ಅದಕ್ಕೆ ಇನ್ನೊಂದು ಜೀನನ್ನು ಹೊಲಿದುಬಿಡಬಹುದು. ಸಕ್ಕರೆಯ ಸರಕ್ಕೆ ಅಂಥ ಜೀನ್ ಇಲ್ಲ. ಹಲವಾರು ಕಿಣ್ವಗಳು ಒಂದರ ಹಿಂದೊಂದು ಕೆಲಸ ಮಾಡಿ ಅದನ್ನು ಪೋಣಿಸುತ್ತವೆ. ಕೊಬ್ಬಿನ ಅಣುಗಳ ಕತೆಯೂ ಇದೇ.

1990ರ ದಶಕದಲ್ಲಿ ಈ ತೊಡಕಿಗೆ ಕೈಯಿಟ್ಟವರು ಅಮೆರಿಕದ ಕ್ಯಾರೊಲಿನ್ ಬರ್ಟೋಝಿ. 1966ರಲ್ಲಿ ಹುಟ್ಟಿದ ಇವರ ತಂದೆ ಭೌತವಿಜ್ಞಾನಿ. ಕಾಲೇಜಿನಲ್ಲಿದ್ದಾಗ ಇವರು ರಾಕ್ ಸಂಗೀತದ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ದುಗ್ಧಗ್ರಂಥಿಗಳಿಗೆ ರಕ್ಷಣಾ ಕೋಶಗಳನ್ನು ಸೆಳೆಯುವ ಒಂದು ಗ್ಲೈಕಾನಿನ ಕೆಲಸವನ್ನು ಬಿಡಿಸಿ ತಿಳಿಯಲು ಅವರಿಗೆ ನಾಲ್ಕು ವರ್ಷ ಹಿಡಿಯಿತು. ಇದಕ್ಕಿಂತ ಒಳ್ಳೆಯ ಉಪಕರಣ ಬೇಕೆನಿಸಿದ್ದು ಸಹಜ. ಆಗ ಜರ್ಮನಿಯಿಂದ ಬಂದ ಒಂದು ಸಂಗತಿ ಅವರ ಕಿವಿಗೆ ಬಿತ್ತು. ವರ್ನರ್ ರಾಯ್ಟರ್ ಅವರ ಗುಂಪು, ಸಿಯಾಲಿಕ್ ಆಮ್ಲದ ಕಚ್ಚಾ ಸಾಮಗ್ರಿಯಾದ ಸಕ್ಕರೆಯನ್ನು ಒಂಚೂರು ಬದಲಿಸಿ ಇಲಿಗಳಿಗೆ ಕೊಟ್ಟಿತ್ತು. ಕಿಣ್ವಗಳು ಮೋಸಹೋಗಿ, ಆ ಬದಲಾದ ಸಕ್ಕರೆಯನ್ನೇ ಸಿಯಾಲಿಕ್ ಆಮ್ಲವನ್ನಾಗಿ ಮಾಡಿದ್ದವು. ಅಂಗಡಿಯವ ಚಲಾವಣೆಯಲ್ಲಿಲ್ಲದ ನಾಣ್ಯವನ್ನು ನೋಡದೆ ಗಲ್ಲಕ್ಕೆ ಹಾಕಿಕೊಂಡ ಹಾಗೆ.

ಇಲ್ಲಿ ಬರ್ಟೋಝಿಯವರಿಗೆ ದಾರಿ ಕಂಡಿತು. ಸಕ್ಕರೆಗೆ ಬಣ್ಣವನ್ನೇ ಕಟ್ಟಿ ಕೊಟ್ಟರೆ ಅಷ್ಟು ದೊಡ್ಡ ಗಂಟನ್ನು ಕಿಣ್ವ ಒಪ್ಪುವುದಿಲ್ಲ. ಅದಕ್ಕೆ ಬದಲಾಗಿ ಕೆಲವೇ ಪರಮಾಣುಗಳ ಒಂದು ಸಣ್ಣ ಕೊಂಡಿಯನ್ನು ಸಕ್ಕರೆಗೆ ಸೇರಿಸಿ ಕೋಶಕ್ಕೆ ಉಣ್ಣಿಸುವುದು; ಅದು ಸರದ ತುದಿಗೆ ಹೋಗಿ ಕೂತ ಮೇಲೆ, ಆ ಕೊಂಡಿಗೆ ಮಾತ್ರ ಕೂಡಿಕೊಳ್ಳುವ ಜೋಡಿಯನ್ನು ಬಣ್ಣಕ್ಕೆ ಕಟ್ಟಿ ಹೊರಗಿನಿಂದ ಹಾಕುವುದು. ಟಿಚ್ ಬಟನ್ನಿನ ಎರಡು ಭಾಗಗಳಿದ್ದಂತೆ. ಒಂದು ಭಾಗ ಮೊದಲೇ ಬಟ್ಟೆಗೆ, ಇನ್ನೊಂದು ಆಮೇಲೆ.

ಕೇಳುವುದಕ್ಕೆ ಸುಲಭ. ಆದರೆ ಆ ಎರಡು ಭಾಗಗಳನ್ನು ಎಲ್ಲಿಂದ ತರುವುದು? ನನ್ನಂಥ ರಸಾಯನಶಾಸ್ತ್ರದ ಮೇಷ್ಟ್ರುಗಳು ಪಾಠ ಮಾಡುವ ಬಹುಪಾಲು ಕ್ರಿಯೆಗಳು ಗಾಜಿನ ಪಾತ್ರೆಯ ಸಾಮ್ರಾಜ್ಯದವು. ಕುದಿಸಬೇಕು, ಕಟು ಆಮ್ಲ ಹಾಕಬೇಕು. ಕೆಲವದಕ್ಕೆ ಒಂದು ಹನಿ ನೀರು ಬಿದ್ದರೂ ಕೆಟ್ಟಿತು. ಜೀವಕೋಶವೋ, ನೀರಿನಿಂದಲೇ ತುಂಬಿದ್ದು. ಉಷ್ಣತೆ 37 ಡಿಗ್ರಿ. ಒಳಗೆ ಸಾವಿರಾರು ಬಗೆಯ ಅಣುಗಳ ಸಂತೆ, ಸಿಕ್ಕಿದ್ದಕ್ಕೆಲ್ಲ ಕೈಚಾಚುವ ಅಣುಗಳು. ಅಲ್ಲಿ ನಡೆಯಬೇಕಾದ ಕ್ರಿಯೆಗೆ ಇರಬೇಕಾದ ಗುಣಗಳನ್ನು ಎಣಿಸಿ ನೋಡಿ. ಎರಡು ಕೊಂಡಿಗಳೂ ದೇಹದಲ್ಲಿ ಬೇರೆಲ್ಲೂ ಇರಬಾರದು. ದೇಹದ ಯಾವ ಅಣುವನ್ನೂ ಅವು ಮುಟ್ಟಬಾರದು, ಪರಸ್ಪರ ಕಂಡಾಗ ಮಾತ್ರ ಬಿಗಿಯಾಗಿ ಕೂಡಬೇಕು. ಕಿಣ್ವಕ್ಕೆ ಗೊತ್ತಾಗದಷ್ಟು ಸಣ್ಣದಿರಬೇಕು. ವಿಷವಾಗಬಾರದು. ಸಾಕಷ್ಟು ವೇಗವಾಗಿ ನಡೆಯಬೇಕು.

ಇಂಥ ಕ್ರಿಯೆಗಳಿಗೆ ಬರ್ಟೋಝಿ 2003ರಲ್ಲಿ ಬಯೋಆರ್ಥೋಗೊನಲ್ ಎಂಬ ಹೆಸರು ಕೊಟ್ಟರು. ಆರ್ಥೋಗೊನಲ್ ಎಂದರೆ ರೇಖಾಗಣಿತದ ಲಂಬ. ಪೂರ್ವಕ್ಕೆ ಎಷ್ಟೇ ಹೆಜ್ಜೆ ಹಾಕಿದರೂ ನೀವು ಉತ್ತರಕ್ಕೆ ಒಂದಿಂಚೂ ಸರಿದಿರುವುದಿಲ್ಲವಲ್ಲ, ಹಾಗೆ. ಜೀವದ ವ್ಯಾಪಾರ ಒಂದು ದಿಕ್ಕಿನಲ್ಲಿ ನಡೆಯುತ್ತಿರಲಿ, ನಮ್ಮ ಕ್ರಿಯೆ ಅದಕ್ಕೆ ಲಂಬವಾದ ದಿಕ್ಕಿನಲ್ಲಿ ನಡೆಯಲಿ. ಒಂದರ ನೆರಳು ಇನ್ನೊಂದರ ಮೇಲೆ ಬೀಳದಿರಲಿ. ಹೆಸರಿನ ಅರ್ಥ ಇಷ್ಟೆ.

ಮೊದಲ ಪ್ರಯತ್ನ 1997ರದು. ಲಾರಾ ಮಹಾಲ್, ಕೆವಿನ್ ಯಾರೆಮಾ ಅವರೊಡನೆ ಬರ್ಟೋಝಿ ಕೀಟೋನ್ ಎಂಬ ಗುಂಪನ್ನು ಕೊಂಡಿಯಾಗಿ ಬಳಸಿದರು. ಕೋಶದ ಮೇಲ್ಮೈಯಲ್ಲಿ ಅದು ಕೂತಿತು, ಗುರುತೂ ಹತ್ತಿತು. ಆದರೆ ಈ ಕ್ರಿಯೆ ಚೆನ್ನಾಗಿ ನಡೆಯಲು ಸ್ವಲ್ಪ ಹುಳಿ, ಅಂದರೆ ಆಮ್ಲೀಯ ವಾತಾವರಣ ಬೇಕು. ಅಲ್ಲದೆ ಕೋಶದ ಒಳಗಿನ ಅಣುಗಳಲ್ಲೂ ಕೀಟೋನ್ ಗುಂಪುಗಳಿವೆ. ಹೊರಗೆ ಸರಿ, ಒಳಗೆ ಹೋದರೆ ಗುರುತು ಕಂಡಕಂಡವರ ಪಾಲು.

ಆಗ ಅವರ ಕಣ್ಣು ಬಿದ್ದದ್ದು ಅಝೈಡ್ ಮೇಲೆ. ಮೂರು ಸಾರಜನಕ ಪರಮಾಣುಗಳ ಪುಟ್ಟ ಸಾಲು. ಅಝೈಡ್ ಎಂದರೆ ರಸಾಯನಶಾಸ್ತ್ರಜ್ಞರಿಗೆ ಒಳಗೊಳಗೆ ಅಂಜಿಕೆ. ಸೀಸದ ಅಝೈಡ್ ಸಿಡಿಮದ್ದಿನ ಕಿಡಿಯಾಗುತ್ತದೆ, ಸೋಡಿಯಂ ಅಝೈಡ್ ವಿಷ. ಆದರೆ ಇಂಗಾಲದ ಅಣುವಿಗೆ ಬಿಗಿಯಾಗಿ ಕಟ್ಟಿದ ಅಝೈಡ್ ಬೇರೆಯೇ ಸ್ವಭಾವದ್ದು. ನೀರಿನಲ್ಲಿ, ದೇಹದ ಉಷ್ಣತೆಯಲ್ಲಿ ಅದು ಸುಮ್ಮನಿರುತ್ತದೆ. ಏಡ್ಸ್‌ ವಿರುದ್ಧ 1987ರಲ್ಲಿ ಮಂಜೂರಾದ ಮೊದಲ ಔಷಧ ಎಝಡ್‌ಟಿಯಲ್ಲಿ ಇದೇ ಅಝೈಡ್ ಗುಂಪಿದೆ. ಮಾನವ ದೇಹ ತಾನಾಗಿ ಅದನ್ನು ಎಲ್ಲೂ ತಯಾರಿಸುವುದಿಲ್ಲ. ಸಣ್ಣದು, ಮೌನಿ, ಊರಿಗೆ ಹೊಸಬ. ಇದಕ್ಕಿಂತ ಒಳ್ಳೆಯ ಕೊಂಡಿ ಬೇಕೆ?

ಅದಕ್ಕೆ ಜೋಡಿ ಹುಡುಕಲು ಬರ್ಟೋಝಿ ಹಳೆಯ ಗ್ರಂಥ ತಿರುವಿಹಾಕಬೇಕಾಯಿತು. ಹರ್ಮನ್ ಸ್ಟೌಡಿಂಗರ್ 1919ರಲ್ಲೇ, ರಂಜಕವನ್ನೊಳಗೊಂಡ ಫಾಸ್ಫೀನುಗಳು ಅಝೈಡನ್ನು ಹಿಡಿಯುವುದನ್ನು ವರದಿಮಾಡಿದ್ದರು. ತೊಂದರೆಯೆಂದರೆ, ಕೂಡಿದ ಜೋಡಿಯನ್ನು ನೀರು ಮತ್ತೆ ಮುರಿದುಬಿಡುತ್ತದೆ. ಎಲಿಯಾನಾ ಸ್ಯಾಕ್ಸನ್ ಮತ್ತು ಬರ್ಟೋಝಿ ರಂಜಕದ ಮಗ್ಗುಲಲ್ಲೇ ಒಂದು ಎಸ್ಟರ್ ಗುಂಪನ್ನು ಬಲೆಯಂತೆ ಇಟ್ಟರು. ನೀರು ಬಂದು ಮುರಿಯುವ ಮೊದಲೇ ಸಾರಜನಕ ಆ ಬಲೆಗೆ ಬಿದ್ದು, ಪ್ರೋಟೀನುಗಳಲ್ಲಿರುವಂಥದೇ ಗಟ್ಟಿಯಾದ ಅಮೈಡ್ ಬಂಧವಾಯಿತು. 2000ದಲ್ಲಿ ಇದು ಪ್ರಕಟವಾಯಿತು. 2004ರಲ್ಲಿ ಬದುಕಿರುವ ಇಲಿಯ ಮೈಯಲ್ಲೇ ಇದನ್ನು ಮಾಡಿ ತೋರಿಸಿದರು. 81 ವರ್ಷ ಪುಸ್ತಕದಲ್ಲಿ ಮಲಗಿದ್ದ ಕ್ರಿಯೆಯೊಂದು ಎದ್ದು ಕೂತಿತು. ಹಳೆಯ ಜ್ಞಾನ ಯಾವುದೂ ಹಳಸುವುದಿಲ್ಲ ಎಂಬುದಕ್ಕೆ ನಾನು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಉದಾಹರಣೆ ಇದು.

ಆದರೂ ಕೊರತೆ ಉಳಿಯಿತು. ಕ್ರಿಯೆ ನಿಧಾನ, ಫಾಸ್ಫೀನಾದರೋ ಗಾಳಿಯ ಆಮ್ಲಜನಕಕ್ಕೆ ಮೆಲ್ಲಗೆ ಕೆಡುತ್ತದೆ. ನಿಧಾನವಾದರೇನಂತೆ, ಕಾದರಾಯಿತು ಎನ್ನಬಹುದು. ಹಾಗಲ್ಲ. ಎರಡು ಅಣುಗಳು ಕೂಡಬೇಕಾದರೆ ಮೊದಲು ಅವು ಎದುರಾಗಬೇಕು. ಗಾಜಿನ ಪಾತ್ರೆಯಲ್ಲಿ ಎರಡನ್ನೂ ಧಾರಾಳವಾಗಿ ಸುರಿಯಬಹುದು, ಎದುರಾಗುತ್ತಲೇ ಇರುತ್ತವೆ. ಜೀವಿಯ ಮೈಯಲ್ಲಿ ಎರಡೂ ತೀರ ವಿರಳ. ಲಕ್ಷ ಜನರ ಜಾತ್ರೆಯಲ್ಲಿ ಒಬ್ಬರನ್ನೊಬ್ಬರು ಹುಡುಕುವ ಇಬ್ಬರಿದ್ದಂತೆ. ಒಮ್ಮೆ ಎದುರಾದಾಗ ಗುರುತು ಸಿಗದಿದ್ದರೆ ಮತ್ತೆ ಸಿಗುವುದು ಯಾವಾಗಲೋ. ಆದ್ದರಿಂದ ಮೊದಲ ನೋಟದಲ್ಲೇ ಕೈಹಿಡಿಯುವ ಚುರುಕು ಬೇಕು. ಚುರುಕು ಹೆಚ್ಚಾದಷ್ಟೂ ಕಂಡವರನ್ನೆಲ್ಲ ಹಿಡಿಯುವ ಚಾಳಿಯೂ ಹೆಚ್ಚುವುದು ಅಣುಗಳ ಸ್ವಭಾವ. ಚುರುಕೂ ಬೇಕು, ಸಂಯಮವೂ ಬೇಕು. ಈ ವಿದ್ಯೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಅಷ್ಟರಲ್ಲಿ, 2002ರಲ್ಲಿ, ಡೆನ್ಮಾರ್ಕಿನ ಮಾರ್ಟನ್ ಮೆಲ್ಡಾಲ್ ಮತ್ತು ಅಮೆರಿಕದ ಬ್ಯಾರಿ ಶಾರ್ಪ್‌ಲೆಸ್ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಸಂಗತಿಯನ್ನು ಕಂಡುಕೊಂಡರು. ಅಝೈಡಿಗೂ ಆಲ್ಕೈನಿಗೂ, ಅಂದರೆ ಇಂಗಾಲದ ಮೂರುಪಟ್ಟು ಬಂಧಕ್ಕೂ, ತಾಮ್ರದ ಅಯಾನು ದಲ್ಲಾಳಿಯಾಗಿ ನಿಂತರೆ ಅವೆರಡೂ ಟಿಚ್ ಬಟನ್ನಿನಂತೆ ಟಕ್ಕೆಂದು ಕೂಡುತ್ತವೆ. ಶಾರ್ಪ್‌ಲೆಸ್ ಇಂಥ ಕ್ರಿಯೆಗಳಿಗೆ ಕ್ಲಿಕ್ ಕೆಮಿಸ್ಟ್ರಿ ಎಂದು ಆಗಲೇ ಹೆಸರಿಟ್ಟಿದ್ದರು. ಜಗತ್ತಿನ ಪ್ರಯೋಗಶಾಲೆಗಳೆಲ್ಲ ಇದನ್ನು ಅಪ್ಪಿಕೊಂಡವು.

ಆದರೆ ತಾಮ್ರ! ಅಡಿಕೆ ತೋಟವಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಗೊನೆಗಳಿಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದು ಏತಕ್ಕೆ? ತಾಮ್ರಕ್ಕೆ ಶಿಲೀಂಧ್ರ ಸಾಯುತ್ತದೆಂದು. ಅದೇ ತಾಮ್ರದ ಅಯಾನು ನಮ್ಮ ಜೀವಕೋಶಕ್ಕೂ ಒಗ್ಗುವುದಿಲ್ಲ. ಸತ್ತ ಕೋಶಗಳಿಗೆ, ಪಾತ್ರೆಯ ಕೆಲಸಕ್ಕೆ ತಾಮ್ರ ಸರಿ. ಬದುಕಿರುವ ಕೋಶಕ್ಕೆ ಬೇಡ. ಮುಂದೆ ತಾಮ್ರದ ವಿಷ ತಗ್ಗಿಸುವ ಜೊತೆಗಾರ ಅಣುಗಳು ಬಂದವೆಂಬುದು ನಿಜ. ಆದರೆ ಬರ್ಟೋಝಿ ಕೇಳಿದ ಪ್ರಶ್ನೆ ಬೇರೆ: ದಲ್ಲಾಳಿಯೇ ಇಲ್ಲದೆ ಈ ಮದುವೆ ನಡೆಯಬಾರದೇಕೆ?

ಉತ್ತರ ಮತ್ತೆ ಹಳೆಯ ಪುಸ್ತಕದಲ್ಲಿತ್ತು. 1961ರಲ್ಲಿ ಜರ್ಮನಿಯ ವಿಟ್ಟಿಗ್ ಮತ್ತು ಕ್ರೆಬ್ಸ್, ಎಂಟು ಇಂಗಾಲಗಳ ಉಂಗುರದೊಳಗೆ ಆಲ್ಕೈನನ್ನು ತುರುಕಿದ ಸೈಕ್ಲೊಆಕ್ಟೈನ್ ಎಂಬ ವಸ್ತು ಅಝೈಡಿನೊಡನೆ ಸ್ಫೋಟಿಸುವಂತೆ ವರ್ತಿಸುವುದನ್ನು ದಾಖಲಿಸಿದ್ದರು. ಕಾರಣ ಸರಳ. ಮೂರುಪಟ್ಟು ಬಂಧ 180 ಡಿಗ್ರಿಯಲ್ಲಿ ಕೋಲಿನಂತೆ ನೇರವಾಗಿರಲು ಬಯಸುವಂಥದು. ಸಣ್ಣ ಉಂಗುರದಲ್ಲಿ ಅದು ಸುಮಾರು 160 ಡಿಗ್ರಿಗೆ ಬಾಗಲೇಬೇಕು. ಬಗ್ಗಿಸಿ ಕಟ್ಟಿದ ಬಿದಿರಿನ ಬಿಲ್ಲು ಯಾವಾಗ ಸಿಡಿದೇನೋ ಎಂದು ಕಾದಿರುವಂತೆ, ಆ ಅಣು ತನ್ನ ಬಿಗಿತ ಕಳೆದುಕೊಳ್ಳಲು ಕಾದಿರುತ್ತದೆ. ತಾಮ್ರ ಮಾಡಬೇಕಿದ್ದ ಕೆಲಸವನ್ನು ಈ ಬಿಗಿತವೇ ಮಾಡುತ್ತದೆ. 2004ರಲ್ಲಿ ಬರ್ಟೋಝಿಯವರ ಗುಂಪು ಜೀವಂತ ಕೋಶದಲ್ಲಿ ಇದನ್ನು ಸಾಧಿಸಿತು, ಕೋಶಗಳಿಗೆ ಕೆಡುಕಾಗಲಿಲ್ಲ. ಮೊದಮೊದಲು ಇದೂ ನಿಧಾನವೇ. ಉಂಗುರಕ್ಕೆ ಎರಡು ಫ್ಲೋರಿನ್ ಪರಮಾಣುಗಳನ್ನು ಸೇರಿಸಿದಾಗ ವೇಗ ಹತ್ತಾರು ಪಟ್ಟು ಏರಿತು. ಅದು 2007.

ಮರುವರ್ಷ ಬಂದ ಚಿತ್ರಗಳನ್ನು ನಾನು ಮರೆಯಲಾರೆ. ಜೀಬ್ರಾ ಮೀನಿನ ಭ್ರೂಣ ಗಾಜಿನಂತೆ ಪಾರದರ್ಶಕ. ಅದಕ್ಕೆ ಅಝೈಡ್ ಕಟ್ಟಿದ ಸಕ್ಕರೆ ಉಣ್ಣಿಸಿ, ಬೇರೆಬೇರೆ ಹೊತ್ತಿನಲ್ಲಿ ಬೇರೆಬೇರೆ ಬಣ್ಣದ ಸೈಕ್ಲೊಆಕ್ಟೈನ್ ಹಾಕಿದರು. ಮೊದಲು ಹುಟ್ಟಿದ ಸಕ್ಕರೆಸರಗಳು ಒಂದು ಬಣ್ಣ, ಆಮೇಲೆ ಹುಟ್ಟಿದವು ಇನ್ನೊಂದು. ಗರ್ಭಧಾರಣೆಯಾಗಿ ಮೂರನೆಯ ದಿನದ ಹೊತ್ತಿಗೆ ದವಡೆಯಲ್ಲಿ, ಎದೆಯ ಈಜುರೆಕ್ಕೆಗಳಲ್ಲಿ, ವಾಸನೆ ಹಿಡಿಯುವ ಅಂಗದಲ್ಲಿ ಹೊಸ ಗ್ಲೈಕಾನುಗಳ ತಯಾರಿಕೆ ಏರುವುದು ಬಣ್ಣಬಣ್ಣವಾಗಿ ಕಂಡಿತು. ಮೀನು ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿತ್ತು. ನಮ್ಮ ಮೇಷ್ಟ್ರಿಗೆ ತೋರಿಸಬೇಕಾಗಿದ್ದ ಚಿತ್ರ ಅದು.

ಅದೇ 2008ರಲ್ಲಿ ಡೆಲಾವೇರ್ ವಿಶ್ವವಿದ್ಯಾಲಯದ ಜೋಸೆಫ್ ಫಾಕ್ಸ್ ಅವರ ಗುಂಪು ಟೆಟ್ರಜೀನ್ ಮತ್ತು ಟ್ರಾನ್ಸ್-ಸೈಕ್ಲೊಆಕ್ಟೀನ್ ಎಂಬ ಇನ್ನೊಂದು ಜೋಡಿಯನ್ನು ಹೊರತಂದಿತು. ಸ್ಟೌಡಿಂಗರ್ ಜೋಡಿಗಿಂತ ಇದು ಲಕ್ಷಗಟ್ಟಲೆ ಪಟ್ಟು ವೇಗ. ಈ ವೇಗವೇ ಪ್ರಯೋಗಶಾಲೆಯಿಂದ ರೋಗಿಯ ಹಾಸಿಗೆಯ ಕಡೆಗೆ ಹಾದಿ ತೆರೆದದ್ದು.

ಇಲ್ಲಿ ಸ್ವಂತ ಮಾತೊಂದನ್ನು ಹೇಳಲು ಅಪ್ಪಣೆ ಕೊಡಿ. ನಮ್ಮ ಅತ್ತಿಗೆಗೆ ಕ್ಯಾನ್ಸರ್ ಆದಾಗ ಕೊಟ್ಟ ಔಷಧಗಳಲ್ಲಿ ಡಾಕ್ಸೊರುಬಿಸಿನ್ ಒಂದು. ದಾಸವಾಳದ ಬಣ್ಣದ ಕೆಂಪು ದ್ರವ. ಅದು ತೊಟ್ಟುತೊಟ್ಟಾಗಿ ಕೈಯ ನರಕ್ಕೆ ಇಳಿಯುವುದನ್ನು ನೋಡುತ್ತ ಅವರು, "ರೋಗ ಇರೋದು ಒಂದು ಕಡೆ, ಇದು ಹೋಗೋದು ಮೈಯೆಲ್ಲ, ಅಲ್ವೇನಪ್ಪ?" ಎಂದಿದ್ದರು. ರಸಾಯನಶಾಸ್ತ್ರ ಕಲಿತ ಮೈದುನನ ಬಳಿ ಉತ್ತರವಿರಲಿಲ್ಲ. ಕೂದಲು ಹೋಯಿತು, ಊಟ ಹೋಯಿತು. ಹೃದಯಕ್ಕೂ ಆ ಔಷಧದಿಂದ ಅಪಾಯವುಂಟೆಂದು ವೈದ್ಯರು ಅಳೆದೂ ಸುರಿದೂ ಕೊಡುತ್ತಿದ್ದರು.

2020ರಲ್ಲಿ ಮನುಷ್ಯರ ಮೇಲೆ ಆರಂಭವಾದ ಒಂದು ಪರೀಕ್ಷೆಯ ಔಷಧ ಇದೇ ಡಾಕ್ಸೊರುಬಿಸಿನ್. ಟೆಟ್ರಜೀನ್ ಕಟ್ಟಿದ ಜೆಲ್ಲಿಯಂಥ ವಸ್ತುವನ್ನು ಮೊದಲು ಗಡ್ಡೆಗೆ ಚುಚ್ಚುತ್ತಾರೆ. ಆಮೇಲೆ, ಟ್ರಾನ್ಸ್-ಸೈಕ್ಲೊಆಕ್ಟೀನ್ ಕಟ್ಟಿ ಬಾಯಿ ಮುಚ್ಚಿಸಿದ ಔಷಧವನ್ನು ರಕ್ತಕ್ಕೆ ಬಿಡುತ್ತಾರೆ. ಅದು ಮೈಯೆಲ್ಲ ಸುತ್ತಿದರೂ ಅದರ ವಿಷ ತೀರ ತಗ್ಗಿರುತ್ತದೆ. ಗಡ್ಡೆಯ ಬಳಿ ಜೋಡಿ ಸಿಕ್ಕಾಗ ಎರಡೂ ಕೂಡಿ, ಔಷಧ ಬಿಡುಗಡೆಯಾಗುತ್ತದೆ. ಇದು ಪರೀಕ್ಷೆಯ ಮಾತು, ಅಂಗಡಿಯಲ್ಲಿ ಸಿಗುವ ಮದ್ದಿನ ಮಾತಲ್ಲವೆಂದು ಒತ್ತಿ ಹೇಳುತ್ತೇನೆ. ಇದನ್ನು ಕೇಳಿ ಯಾರೂ ಹುಸಿ ಆಸೆ ಇಟ್ಟುಕೊಳ್ಳಬಾರದು. ಆದರೆ ಮನುಷ್ಯನ ಮೈಯೊಳಗೇ ರಸಾಯನಶಾಸ್ತ್ರಜ್ಞ ತಾನು ರೂಪಿಸಿದ ಕ್ರಿಯೆಯನ್ನು ನಡೆಸಬಲ್ಲ ಎಂಬುದು ಇದರಿಂದ ನಿಜವಾಯಿತು. ಕ್ಯಾನ್ಸರ್ ಕೋಶ ಹೊದ್ದ ಸಿಯಾಲಿಕ್ ಆಮ್ಲದ ಕಂಬಳಿಯನ್ನು ಕತ್ತರಿಸುವ ಕಿಣ್ವವನ್ನು, ಆ ಕೋಶವನ್ನು ಹುಡುಕಿಹೋಗುವ ಪ್ರತಿಕಾಯಕ್ಕೆ ಜೋಡಿಸುವ ಯತ್ನವನ್ನೂ ಬರ್ಟೋಝಿಯವರ ಗುಂಪು ಮಾಡಿದೆ. ಗುರುತು ಹಚ್ಚುವುದೂ ಗುಣಪಡಿಸುವುದೂ ಒಂದೇ ಬಳ್ಳಿಯ ಹೂಗಳು ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕೇ. ಏರ್ಲಿಶ್ ಅವರು ಬಣ್ಣದಲ್ಲಿ ಕಂಡ ಒಲವು ನೂರು ವರ್ಷಗಳಿಗೂ ಮೀರಿ ಬೆಳೆದು ಈ ರೂಪ ತಾಳಿತು.

2022ರ ಪ್ರಶಸ್ತಿಯನ್ನು ಬರ್ಟೋಝಿ, ಮೆಲ್ಡಾಲ್, ಶಾರ್ಪ್‌ಲೆಸ್ ಮೂವರೂ ಹಂಚಿಕೊಂಡರು. ಶಾರ್ಪ್‌ಲೆಸ್ ಅವರಿಗೆ ಅದು ಎರಡನೆಯ ನೊಬೆಲ್; ಬರ್ಟೋಝಿ ರಸಾಯನಶಾಸ್ತ್ರದಲ್ಲಿ ಅದನ್ನು ಪಡೆದ ಎಂಟನೆಯ ಮಹಿಳೆ.

ಮುಗಿಸುವ ಮುನ್ನ ಒಂದು ಎಚ್ಚರಿಕೆ. ಏನನ್ನೂ ಮುಟ್ಟದ ಕ್ರಿಯೆ ಎಂಬುದು ಒಂದು ಆದರ್ಶ. ಈ ಪ್ರಯೋಗಗಳಲ್ಲಿ ವರ್ಷಗಟ್ಟಲೆ ಬಳಸಿದ ಒಂದು ಬಗೆಯ ಸಕ್ಕರೆಗಳು, ಪ್ರಮಾಣ ಹೆಚ್ಚಾದಾಗ, ಪ್ರೋಟೀನುಗಳ ಸಿಸ್ಟೀನ್ ಎಂಬ ಭಾಗಕ್ಕೆ ತಾವಾಗಿ ಅಂಟಿಕೊಳ್ಳುತ್ತವೆಂದು 2018ರಲ್ಲಿ ಚೀನಾದ ಸಂಶೋಧಕರು ತೋರಿಸಿದರು. ತಪ್ಪು ಕೊಂಡಿಯದಲ್ಲ, ಕೊಂಡಿಯನ್ನು ಹೊತ್ತ ಸಕ್ಕರೆಗೆ ತೊಡಿಸಿದ ಹೊದಿಕೆಯದು. ತಾವು ನೋಡಿದ ಬಣ್ಣಗಳಲ್ಲಿ ಎಷ್ಟು ನಿಜ, ಎಷ್ಟು ತಪ್ಪು ಗುರುತು ಎಂದು ಎಲ್ಲರೂ ಮತ್ತೆ ಪರೀಕ್ಷಿಸಿಕೊಳ್ಳಬೇಕಾಯಿತು. ಇದು ಸೋಲಲ್ಲ. ಕಾಣುವುದಕ್ಕಾಗಿ ನಾವು ಹಾಕುವ ಪ್ರತಿಯೊಂದು ತೊಟ್ಟು ಬಣ್ಣವೂ ಕಾಣುವ ವಸ್ತುವನ್ನು ಎಷ್ಟು ಬದಲಿಸಿತು ಎಂದು ಕೇಳಿಕೊಳ್ಳುವುದು ವಿಜ್ಞಾನಿಯ ಮೊದಲ ಕರ್ತವ್ಯ.

ನಮ್ಮ ಮೇಷ್ಟ್ರು ಈಗಿಲ್ಲ, ಅತ್ತಿಗೆಯೂ ಇಲ್ಲ. ಒಬ್ಬರ ನಗೆಗೂ ಇನ್ನೊಬ್ಬರ ಪ್ರಶ್ನೆಗೂ ನಾನು ಅಂದು ಸುಮ್ಮನಿದ್ದೆ. ಈಗ ಹೇಳುವುದಾದರೆ, ಕೊಲ್ಲದೆ ನೋಡುವುದು ಸಾಧ್ಯವಾಗಿದೆ ಮೇಷ್ಟ್ರೆ; ಮೈಯೆಲ್ಲ ಹೋಗಿಯೂ ಒಂದು ಕಡೆ ಮಾತ್ರ ಕೆಲಸ ಮಾಡುವುದನ್ನು ಕಲಿಯುತ್ತಿದ್ದಾರೆ ಅತ್ತಿಗೆ, ಇನ್ನೂ ಪೂರ್ತಿ ಕಲಿತಿಲ್ಲ.